ಮುಂದಿನ ಬ್ರೇಕಿನ ಭಯ ಬಿಡಿಸಿದ ಭಾನುವಾರಗಳು

ಮೊನ್ನೆ ಲೆಕ್ಕದ ಪುಸ್ತಕ ತಿರುವಿ ಹಾಕಿದೆ. ಈ ಮಳೆಗಾಲದಲ್ಲಿ ನನ್ನ ಹುಡುಗರು ಬಿದ್ದದ್ದು ಎರಡೇ ಸಲ. ಹೋದ ವರ್ಷ ಹನ್ನೊಂದೋ ಹನ್ನೆರಡೋ ಆಗಿತ್ತು. ನನ್ನದು ಒಂಬತ್ತು ಬೈಕು, ಒಂಬತ್ತು ಹುಡುಗರ ಸಣ್ಣ ವ್ಯವಹಾರ. ಮನೆಮನೆಯಿಂದ ರಕ್ತದ ಮಾದರಿ ತಂದು ಲ್ಯಾಬಿಗೆ ಮುಟ್ಟಿಸುವುದು. ಹತ್ತು ಗಂಟೆಯೊಳಗೆ ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರ ಮುಗಿಯಬೇಕು.

ಒಂದು ಸಲ ಬಿದ್ದರೆ ಲಿವರ್, ಇಂಡಿಕೇಟರ್, ಫುಟ್‌ರೆಸ್ಟ್ ಎಂದು ಸುಮಾರು 2,500 ರೂಪಾಯಿ. ಮಾದರಿ ಚೆಲ್ಲಿದರೆ ಬೇರೆಯೇ ಪಾಡು; ಖಾಲಿ ಹೊಟ್ಟೆಯಲ್ಲಿ ಕಾದು ಕುಳಿತಿದ್ದ ಅಜ್ಜಿಗೆ ಮತ್ತೊಮ್ಮೆ ಸೂಜಿ ಚುಚ್ಚಿಸಿಕೊಳ್ಳಿ ಎನ್ನಬೇಕು. ಹೋದ ವರ್ಷ ಒಬ್ಬನ ಕೊರಳೆಲುಬು ಮುರಿದು ಆಸ್ಪತ್ರೆ, ಎರಡು ತಿಂಗಳ ಸಂಬಳ ಸೇರಿ 80 ಸಾವಿರ ಹೋಯಿತು.

ಮೊದಲು ದಂಡ ಹಾಕಿ ನೋಡಿದೆ, ಬಿದ್ದರೆ 500 ರೂಪಾಯಿ. ಹುಡುಗರು ಬೀಳುವುದನ್ನು ಬಿಡಲಿಲ್ಲ, ಹೇಳುವುದನ್ನು ಬಿಟ್ಟರು. ಒಬ್ಬನಂತೂ ಓರೆಯಾದ ಹ್ಯಾಂಡಲಿನಲ್ಲೇ ಒಂದು ವಾರ ಓಡಿಸಿದ್ದ. ಆಮೇಲೆ ಎಲ್ಲಕ್ಕೂ ಕ್ರ್ಯಾಶ್ ಗಾರ್ಡ್ ಹಾಕಿಸಿದೆ, ಎಂಟು ಸಾವಿರ ಚಿಲ್ಲರೆ. ಕಾಲು ಉಳಿಯಿತು, ಬೀಳುವುದು ನಿಲ್ಲಲಿಲ್ಲ.

ಸುಳಿವು ಸಿಕ್ಕಿದ್ದು, ಬ್ರೇಕ್ ಹಿಡಿದಷ್ಟೂ ಸವೆಯುವ ಬ್ರೇಕ್ ಶೂಗಳ ಬಿಲ್ಲಿನಲ್ಲಿ. ವರ್ಷಕ್ಕೆ ಹಿಂದಿನದು ಇಪ್ಪತ್ತು ಜೊತೆ, ಮುಂದಿನದು ಮೂರೋ ನಾಲ್ಕೋ! ಎಲ್ಲರೂ ಹಿಂದಿನ ಬ್ರೇಕಿನ ಪೆಡಲ್ ತುಳಿಯುವವರೇ, ಮುಂದಿನ ಬ್ರೇಕಿನ ಲಿವರಿಗೆ ಕೈ ಹಾಕುವವರಿಲ್ಲ. ಮುಂದಿನದನ್ನು ಮುಟ್ಟಿದರೆ ಪಲ್ಟಿ ಎಂದು ಅಪ್ಪನೋ ಮಾವನೋ ಹೆದರಿಸಿ ಕಲಿಸಿದ್ದಾರೆ. ನನ್ನವುಗಳಲ್ಲಿ ಆರು ಬೈಕು 2019ಕ್ಕಿಂತ ಹಳೆಯವು, ಪೆಡಲ್ ತುಳಿದರೆ ಹಿಂದಿನದಷ್ಟೇ ಹಿಡಿಯುತ್ತದೆ. ಉಳಿದ ಮೂರರಲ್ಲಿ ಪೆಡಲ್ ತುಳಿದರೆ ಹಿಂದಿನ ಮುಂದಿನ ಬ್ರೇಕ್ ಎರಡೂ ಒಟ್ಟಿಗೆ ಹಿಡಿಯುವ ವ್ಯವಸ್ಥೆ ಇದೆ, ಆದರೂ ಕೈಯಲ್ಲಿ ಹಿಡಿದಷ್ಟು ಬಲ ಬರುವುದಿಲ್ಲ.

ಭಾನುವಾರ ಬೆಳಗ್ಗೆ ಮೈದಾನದ ಪಕ್ಕದ ಖಾಲಿ ರಸ್ತೆಯಲ್ಲಿ ಸೀಮೆಸುಣ್ಣದ ಗೆರೆ ಎಳೆದು ಅಭ್ಯಾಸ ಶುರು ಮಾಡಿದೆ. ಯಾವ ಮೈದಾನ ಎಂದು ಹೇಳುವುದಿಲ್ಲ. ಈಗಾಗಲೇ ಕ್ರಿಕೆಟ್ ಹುಡುಗರೊಂದಿಗೆ ಜಗಳವಿದೆ. "ದುಡ್ಡು ಕೊಟ್ಟು ಬ್ರೇಕ್ ಹಿಡಿಯುವುದು ಕಲಿಸುತ್ತೀರಾ ಸ್ವಾಮಿ?" ಎಂದು ಇದೇ ಕಸುಬಿನ ಗೆಳೆಯರೊಬ್ಬರು ನಕ್ಕರು. ಮಳೆಯಲ್ಲಿ ಮುಂದಿನದು ಹಿಡಿದರೆ ಹಲ್ಲು ಉಳಿಯುವುದಿಲ್ಲ ಎಂದ ನನ್ನ ಮೆಕ್ಯಾನಿಕ್. ಮೊದಲ ವಾರವೇ ಇಬ್ಬರು ಲಿವರನ್ನು ಗಬಕ್ಕನೆ ಹಿಡಿದು ಬಿದ್ದಾಗ ಅವನ ಮುಖ ನೋಡಬೇಕಿತ್ತು. ಗಬಕ್ಕನೆ ಹಿಡಿಯಬೇಡಿ, ನಿಂಬೆಹಣ್ಣಿನಂತೆ ಹಿಂಡಿ ಎಂದು ನಾನು ಹೇಳಿದ ಮೇಲೆ ಕೈ ಪಳಗಿತು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬಂದು ಪೆಡಲಿನಿಂದಲೇ ನಿಲ್ಲಿಸಿದರೆ ಗೆರೆಯಿಂದ 24 ಹೆಜ್ಜೆ. ಎರಡೂ ಹಿಡಿದರೆ 13, ಒದ್ದೆಯಲ್ಲಿ 17ರ ಆಸುಪಾಸು. ಆರನೇ ವಾರದ ಹೊತ್ತಿಗೆ ಯೋಚಿಸದೆಯೇ ಕೈ ಹೋಗುತ್ತಿತ್ತು. ನಿಲ್ಲುವ ಸೂಚನೆಯನ್ನು ಅವರು ಮೊದಲೇ ಊಹಿಸದಂತೆ ಹೇಗೆ ಕೊಡುತ್ತೇನೆ ಎಂಬುದನ್ನು ಮಾತ್ರ ಬರೆಯುವುದಿಲ್ಲ, ನನ್ನ ಹುಡುಗರೂ ಇದನ್ನು ಓದುತ್ತಾರೆ.

ನಡುವೆ ಒಂದು ಹುಚ್ಚು ಪ್ರಯೋಗ. ಜೂನ್‌ನಲ್ಲಿ ಮರದಡಿ ಉದುರಿದ ನೇರಳೆ ಹಣ್ಣನ್ನು ಒಂದು ಬುಟ್ಟಿ ತಂದು ರಸ್ತೆಗೆ ಹರಡಿ, ನೀರು ಚಿಮುಕಿಸಿ, ನಾನೇ ಸ್ಕೂಟರ್ ಹತ್ತಿದೆ. ಇಂಜಿನ್ ಎಣ್ಣೆಯೂ ಅಷ್ಟು ಜಾರುವುದಿಲ್ಲ! ಮೊಣಕಾಲು ಇನ್ನೂ ನೆನಪಿಸುತ್ತದೆ. ಹೊಂಗೆ ಹೂವು ಒಣಗಿದ್ದರೆ ಪರವಾಗಿಲ್ಲ, ಮಾರ್ಚ್-ಏಪ್ರಿಲ್‌ನ ಮೊದಲ ಮಳೆ ಬಿದ್ದರೆ ಅದೂ ನಂಬಿಕೆಗೆ ಯೋಗ್ಯವಲ್ಲ. ಅಂಥ ಮರಗಳಿರುವ ಬೀದಿಗಳ ಹೆಸರಿಗೆ ಈಗ ರೂಟ್ ಚೀಟಿಯಲ್ಲಿ ಪೆನ್ನಿನಿಂದ ಸುತ್ತು ಹಾಕಿ ಕೊಡುತ್ತೇನೆ. ಅಲ್ಲಿ ಯಾವ ಬ್ರೇಕಿನ ಜಾಣತನವೂ ನಡೆಯದು, ನಿಧಾನ ಹೋಗಬೇಕು ಅಷ್ಟೇ.

ಖರ್ಚು? ಇಡ್ಲಿ, ಖಾರಾಬಾತ್, ಕಾಫಿ, ಪೆಟ್ರೋಲ್, ಎರಡು ಗಂಟೆಯ ಕೂಲಿ ಸೇರಿ ವಾರಕ್ಕೆ 2,400. ಹದಿನಾಲ್ಕು ಭಾನುವಾರ. ಬೋಳಾಗಿದ್ದ ಆರು ಮುಂದಿನ ಟೈರ್ ಬದಲಿಸಿದ್ದು ಇನ್ನೊಂದು ಒಂಬತ್ತು ಸಾವಿರ. ಹೋದ ವರ್ಷ ಬಿದ್ದು ಕಳೆದದ್ದು ಒಂದು ಲಕ್ಷದ ಮೇಲೆ. ಈ ವರ್ಷದ ಎರಡರಲ್ಲಿ ಒಂದು ನಾಯಿ ಅಡ್ಡ ಬಂದದ್ದು. ಇನ್ನೊಂದು ಸ್ಟ್ಯಾಂಡ್ ಹಾಕುವಾಗ ಉರುಳಿದ್ದು, ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬುದು ನನ್ನ ವಾದ.

ಕಳೆದ ವಾರ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗಿ ಮುಂದಿನ ಬ್ರೇಕ್ ಶೂ ಒಂದು ಡಜನ್ ಕೇಳಿದೆ. ಹಿಂದಿನದಲ್ಲವೇ ಸಾರ್ ಎಂದು ಅಂಗಡಿಯವನು ಎರಡು ಸಲ ಕೇಳಿದ.