ಪಾಯ ತೆಗೆಯುವ ಮೊದಲು ಮಣ್ಣಿನ ಲೆಕ್ಕ: ನಾನು ಮಾಡಿದ ರೀತಿ

ಮನೆ ಕಟ್ಟುವ ಖರ್ಚಿನಲ್ಲಿ ಅಂದಾಜಿನ ಮೇಲೇ ಜಾಸ್ತಿ ನಡೆಯುವುದು ನೆಲದ ಕೆಲಸ. ಸಿಮೆಂಟ್ ಎಷ್ಟು, ಕಬ್ಬಿಣ ಎಷ್ಟು, ಟೈಲ್ಸ್ ಎಷ್ಟು ಅಂತ ಡ್ರಾಯಿಂಗ್ ನೋಡಿ ಲೆಕ್ಕ ಹಾಕಬಹುದು. ಮಣ್ಣಿನೊಳಗೆ ಏನಿದೆ ಅಂತ ಡ್ರಾಯಿಂಗ್ ಹೇಳುವುದಿಲ್ಲ. ಹಾಗಾಗಿ ನಮ್ಮ ಮನೆ ಶುರು ಮಾಡುವಾಗ ನಾನೊಂದು ಕ್ರಮ ಇಟ್ಟುಕೊಂಡೆ. ಮೊದಲು ಅಳತೆ, ಆಮೇಲೆ ದರ, ಕೊನೆಗೆ ಮೊತ್ತ. 'ಪಾಯಕ್ಕೆ ಒಟ್ಟು ಎಷ್ಟಾಗುತ್ತೆ' ಅಂತ ಯಾರನ್ನೂ ಮೊದಲು ಕೇಳಲಿಲ್ಲ. ಅಳತೆ ನಮ್ಮ ಕೈಯಲ್ಲಿ ಇಲ್ಲದಿದ್ದರೆ ಅವರು ಹೇಳುವ ಮೊತ್ತ ಹೆಚ್ಚೋ ಕಡಿಮೆಯೋ ಅಂತ ತಿಳಿಯುವುದಾದರೂ ಹೇಗೆ?

ಜಾಗದ ಗಡಿ ಗುರುತು, ಕಾಗದ ಪತ್ರ, ಅನುಮತಿ ಇವೆಲ್ಲ ಮುಗಿದಿರಬೇಕು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಡಿ ಕಲ್ಲು ಸರಿಯಿದೆಯಾ ಅಂತ ಟೇಪ್ ಹಿಡಿದು ನೋಡದೆ ಮುಂದೆ ಹೋಗಬೇಡಿ, ಅಷ್ಟೆ.

ನಾನು ಮೊದಲು ಮಾಡಿದ್ದು ಮಟ್ಟ ನೋಡುವ ಕೆಲಸ. ಬೇಕಾದದ್ದು ನೀರು ತುಂಬಿದ ಪಾರದರ್ಶಕ ಪೈಪು, ಗೂಟ, ಹುರಿ. ಪೈಪಿನೊಳಗೆ ಒಂದು ಗುಳ್ಳೆಯೂ ಇರಬಾರದು, ಎರಡು ತುದಿಯೂ ತೆರೆದಿರಬೇಕು. ರಸ್ತೆ ಅಂಚಿನ ಒಂದು ಗಟ್ಟಿ ಕಲ್ಲಿನ ಮೇಲೆ ಬಣ್ಣದಿಂದ ಗುರುತು ಹಾಕಿ, ಅದನ್ನೇ ಸೊನ್ನೆ ಅಂತ ಇಟ್ಟುಕೊಂಡೆ. ಜಾಗದ ಉದ್ದಗಲಕ್ಕೂ 10 ಅಡಿಗೊಂದು ಗೂಟ ನೆಟ್ಟು, ಆ ಗುರುತಿಗಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಅಂತ ಬರೆದೆ. ಕಣ್ಣಿಗೆ ಸಪಾಟಾಗಿ ಕಾಣುವ ಜಾಗದಲ್ಲೂ ಒಂದು ಮೂಲೆಯಿಂದ ಇನ್ನೊಂದಕ್ಕೆ ಒಂದೂವರೆ ಅಡಿ ಇಳಿಜಾರು ಇರಬಹುದು. ತುಂಬುವ ಮಣ್ಣಿನ ಖರ್ಚು ನಿರ್ಧಾರವಾಗುವುದು ಆ ಒಂದೂವರೆ ಅಡಿಯಲ್ಲೇ.

ಈಗ ಬಹಳ ಜನ ಕೊನೆಗೆ ಬಿಡುವ, ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ಬರಬೇಕಾದ ಪ್ರಶ್ನೆ. ಮನೆಯ ನೆಲ ಎಷ್ಟು ಎತ್ತರದಲ್ಲಿರಬೇಕು? ಸುಮ್ನೆ ಪಕ್ಕದ ಮನೆಗಿಂತ ಸ್ವಲ್ಪ ಎತ್ತರ ಅಂತ ತೀರ್ಮಾನಿಸುವ ವಿಷಯ ಅಲ್ಲ ಇದು. ಅದನ್ನು ತೀರ್ಮಾನಿಸುವುದು ಕೊಳಚೆ ನೀರಿನ ಪೈಪು. ನಾನು ಬೀದಿಯ ಚೇಂಬರ್ ಮುಚ್ಚಳ ತೆಗೆಸಿ, ಪೈಪಿನ ತಳ ಎಷ್ಟು ಆಳದಲ್ಲಿದೆ ಅಂತ ಅಳೆದೆ. ರಸ್ತೆಗಿಂತ ಒಂದೂವರೆ ಅಡಿ ಕೆಳಗಿತ್ತು. ಮನೆಯ ಹಿಂಭಾಗದ ಶೌಚಾಲಯದಿಂದ ಅಲ್ಲಿಗೆ 60 ಅಡಿ ದೂರ. 4 ಇಂಚಿನ ಪೈಪಿಗೆ 60 ಅಡಿಗೆ 1 ಅಡಿ ಇಳಿಜಾರು ಕೊಟ್ಟರೆ ಹರಿವು ಸರಾಗ. ಪೈಪು ಶುರುವಾಗುವ ಕಡೆಯೇ ನೆಲದಿಂದ ಸುಮಾರು ಒಂದೂವರೆ ಅಡಿ ಕೆಳಗಿರುತ್ತದೆ. ಎರಡೂ ಸೇರಿ ಎರಡೂವರೆ ಅಡಿ ಆಯಿತು. ಚೇಂಬರ್ ಸಿಗುವುದು ಒಂದೂವರೆ ಅಡಿಯಲ್ಲಿ. ಅಂದರೆ ನೆಲ ರಸ್ತೆಗಿಂತ ಕನಿಷ್ಠ 1 ಅಡಿ ಮೇಲಿರಲೇಬೇಕು, ಇಲ್ಲದಿದ್ದರೆ ನೀರು ಹೋಗುವುದೇ ಇಲ್ಲ. ರಸ್ತೆಗೆ ಡಾಂಬರು ಹಾಕಿದಾಗಲೆಲ್ಲ ಅದು ಸ್ವಲ್ಪ ಸ್ವಲ್ಪ ಏರುತ್ತದೆ. ಜೋರು ಮಳೆಗೆ ರಸ್ತೆಯಲ್ಲಿ ನೀರು ನಿಲ್ಲುತ್ತದೆ. ಅದಕ್ಕಾಗಿ ಇನ್ನೂ ಒಂದೂವರೆ ಅಡಿ ಸೇರಿಸಿ, ನೆಲವನ್ನು ರಸ್ತೆಯಿಂದ ಎರಡೂವರೆ ಅಡಿಗೆ ನಿಲ್ಲಿಸಿದೆ. ಈ ಒಂದು ಅಂಕಿ ಸಿಕ್ಕ ಮೇಲೆ ಉಳಿದ ಲೆಕ್ಕ ತಾನಾಗಿ ಬಿಚ್ಚಿಕೊಂಡಿತು.

ಆಮೇಲೆ ಮಣ್ಣು. ಎರಡು ಎದುರು ಮೂಲೆಗಳಲ್ಲಿ ಮತ್ತು ನಡುವೆ ಪರೀಕ್ಷೆಯ ಗುಂಡಿ ತೋಡಿಸಿದೆ, ಪಾಯ ಹೋಗುವ ಆಳಕ್ಕಿಂತ ಸ್ವಲ್ಪ ಹೆಚ್ಚೇ. ಕಾಲಂ (ಮನೆಯ ಭಾರ ಹೊರುವ ಕಂಬ) ಬರುವ ಜಾಗ ಬಿಟ್ಟು ಪಕ್ಕದಲ್ಲಿ ತೋಡಿಸಬೇಕು. ತೋಡಿ ಮುಚ್ಚಿದ ಗುಂಡಿ ಸಡಿಲವಾಗಿರುತ್ತದೆ, ಅದರ ಮೇಲೆ ಭಾರ ಕೂರಬಾರದು. ಗುಂಡಿಯ ಗೋಡೆ ನೋಡಿದರೆ ಪದರ ಪದರವಾಗಿ ಎಲ್ಲ ಕಾಣುತ್ತದೆ. ಮೇಲೆ ಬೇರು, ಕಸ ಇರುವ ಅರ್ಧದಿಂದ ಒಂದು ಅಡಿ ಮೇಲ್ಮಣ್ಣು. ಕೆಳಗೆ ಯಾರೋ ಹಿಂದೆ ತಂದು ಸುರಿದ ಮಣ್ಣು ಇದೆಯಾ, ಇಟ್ಟಿಗೆ ಚೂರು, ಪ್ಲಾಸ್ಟಿಕ್ ಸಿಗುತ್ತಾ ಅಂತ ನೋಡಿ. ಸಿಕ್ಕರೆ ಅದು ತುಂಬಿದ ಮಣ್ಣು. ಪಾಯ ಅದನ್ನು ದಾಟಿ ಮೂಲ ನೆಲಕ್ಕೆ ಇಳಿಯಬೇಕು. ಗುಂಡಿಯನ್ನು ಕೂಡಲೇ ಮುಚ್ಚಿಸದೆ, ಸುತ್ತ ಬೇಲಿ ಕಟ್ಟಿ ಬಿಟ್ಟೆ. ನೀರು ಜಿನುಗುತ್ತಾ, ಯಾವ ಮಟ್ಟಕ್ಕೆ ನಿಲ್ಲುತ್ತೆ ಅಂತ ಗೊತ್ತಾಗುವುದು ಹಾಗೆ ಬಿಟ್ಟರೇನೇ.

ಪ್ರಯೋಗಾಲಯದ ಮಣ್ಣು ಪರೀಕ್ಷೆಯನ್ನೂ ಮಾಡಿಸಿದೆ. ಅದು ದಂಡದ ಖರ್ಚು ಅನ್ನುವವರಿಗೆ ಒಂದು ಲೆಕ್ಕ ತೋರಿಸುತ್ತೇನೆ. ಒಂದು ಕಾಲಂ ಮೇಲೆ 25 ಟನ್ ಭಾರ ಬರುತ್ತದೆ ಅಂತಿಟ್ಟುಕೊಳ್ಳಿ. ನೆಲ ಚದರ ಮೀಟರಿಗೆ 10 ಟನ್ ಹೊರುವುದಾದರೆ ಎರಡೂವರೆ ಚದರ ಮೀಟರಿನ ಫೂಟಿಂಗ್ (ಕಾಲಂ ಬುಡದ ಅಗಲವಾದ ಕಾಂಕ್ರೀಟ್ ಪಾದ) ಬೇಕು, ಅಂದರೆ ಒಂದೊಂದು ಬದಿಯೂ ಸುಮಾರು 5 ಅಡಿ 2 ಇಂಚು. 20 ಟನ್ ಹೊರುವ ನೆಲವಾದರೆ 3 ಅಡಿ 8 ಇಂಚು ಸಾಕು. ಅಗೆತ, ಕಬ್ಬಿಣ, ಕಾಂಕ್ರೀಟ್ ಮೂರೂ ಇದರ ಮೇಲೇ ನಿಂತಿವೆ. ಪರೀಕ್ಷೆ ಇಲ್ಲದಿದ್ದರೆ ಇಂಜಿನಿಯರ್ ಸುರಕ್ಷತೆಗೆ ಅಂತ ದೊಡ್ಡದೇ ಹಾಕುತ್ತಾರೆ. ಅದು ಅವರ ತಪ್ಪಲ್ಲ. ಇಲ್ಲಾ, ಯಾರೋ ಅಂದಾಜಿನಲ್ಲಿ ಚಿಕ್ಕದು ಹಾಕುತ್ತಾರೆ, ಅದು ಇನ್ನೂ ಅಪಾಯ.

ಪರೀಕ್ಷೆ ಮಾಡುವುದನ್ನು ಹತ್ತಿರ ನಿಂತು ನೋಡಿದೆ. ಕೊರೆದ ರಂಧ್ರದೊಳಗೆ ಕೊಳವೆ ಇಳಿಸಿ, 63.5 ಕಿಲೋ ಸುತ್ತಿಗೆಯನ್ನು ಸುಮಾರು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಮೊದಲ 15 ಸೆಂಟಿಮೀಟರ್ ಲೆಕ್ಕಕ್ಕಿಲ್ಲ. ಮುಂದಿನ 30 ಸೆಂಟಿಮೀಟರ್ ಇಳಿಯಲು ಎಷ್ಟು ಏಟು ಬೇಕಾಯಿತು ಅನ್ನುವುದೇ ಫಲಿತಾಂಶ. ಮಣ್ಣು ಕಪ್ಪಗೆ, ಜಿಗುಟಾಗಿದ್ದು, ಒಣಗಿದಾಗ ಬಿರುಕು ಬಿಡುತ್ತದೆ ಅಂದರೆ ಉಬ್ಬುವಿಕೆಯ ಪರೀಕ್ಷೆ ಕೇಳಿ ಮಾಡಿಸಿ. 10 ಗ್ರಾಂ ಪುಡಿಯನ್ನು ನೀರಿನಲ್ಲಿ, ಇನ್ನು 10 ಗ್ರಾಂ ಸೀಮೆಎಣ್ಣೆಯಲ್ಲಿ ಹಾಕಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ವ್ಯತ್ಯಾಸ ದೊಡ್ಡದಿದ್ದರೆ ಪಾಯದ ವಿನ್ಯಾಸವೇ ಬೇರೆ, ಬಜೆಟ್ಟೂ ಬೇರೆ. ಇದು ಪಾಯಕ್ಕೆ ಮೊದಲು ಗೊತ್ತಾಗಬೇಕೋ, ಗೋಡೆ ಬಿರುಕು ಬಿಟ್ಟ ಮೇಲೋ?

ಈಗ ನಿಜವಾದ ಲೆಕ್ಕ. ನಮ್ಮ ಫೂಟಿಂಗ್ 5 ಅಡಿ ಚೌಕ, ಗುಂಡಿಯ ಆಳ 5 ಅಡಿ. 125 ಘನ ಅಡಿ ಅಲ್ವಾ? ಡ್ರಾಯಿಂಗ್ ಪ್ರಕಾರ ಹೌದು. ಆದರೆ ಕಂಬಿ ಕಟ್ಟುವವರು, ಶಟರಿಂಗ್ (ಕಾಂಕ್ರೀಟ್ ಸುರಿಯುವ ಅಚ್ಚು) ಮಾಡುವವರು ಒಳಗೆ ನಿಲ್ಲಬೇಕು. ಸುತ್ತ ಒಂದೊಂದು ಅಡಿ ಬಿಟ್ಟರೆ ಗುಂಡಿ 7 ಅಡಿ ಚೌಕವಾಗುತ್ತದೆ, 245 ಘನ ಅಡಿ. ಹತ್ತಿರ ಹತ್ತಿರ ಎರಡರಷ್ಟು! 12 ಗುಂಡಿಗೆ 1500 ಬದಲು 2940 ಘನ ಅಡಿ. ದರ ಮಾತಾಡುವಾಗ ಇದರಲ್ಲಿ ಯಾವ ಅಳತೆಗೆ ದುಡ್ಡು ಅನ್ನುವುದನ್ನು ಬರೆದುಕೊಳ್ಳಲೇಬೇಕು. ನಾನು ಕೆಲಸದ ಜಾಗ ಸೇರಿಸಿದ ಅಳತೆಗೇ ಒಪ್ಪಿದೆ, ಆದರೆ ಸುತ್ತ ಒಂದು ಅಡಿಗಿಂತ ಹೆಚ್ಚು ಅಗೆದರೆ ಅದಕ್ಕೆ ದುಡ್ಡಿಲ್ಲ ಅಂತ ಬರೆಸಿದೆ.

ಅಗೆದ ಮಣ್ಣು ಹಿಗ್ಗುತ್ತದೆ. ಸಾಮಾನ್ಯ ಮಣ್ಣು ಕಾಲು ಭಾಗದಷ್ಟು, ಜೇಡಿಮಣ್ಣು ಇನ್ನೂ ಹೆಚ್ಚು, ಬಂಡೆ ಒಡೆದರೆ ಅರ್ಧಕ್ಕೂ ಮೇಲೆ. 2940 ಘನ ಅಡಿ ಅಗೆದರೆ ಹೊರಗೆ ಗುಡ್ಡೆಯಾಗುವುದು ಸುಮಾರು 3675 ಘನ ಅಡಿ. ಅದನ್ನೆಲ್ಲ ಸಾಗಿಸಿದರೆ, 100 ಘನ ಅಡಿ ಹಿಡಿಯುವ ಗಾಡಿಗೆ 37 ಲೋಡ್. ಆಮೇಲೆ ಗುಂಡಿ ಮುಚ್ಚಲು ಮತ್ತೆ ಮಣ್ಣು ಕೊಳ್ಳಬೇಕು! ಎಷ್ಟೋ ಕಡೆ ಇದೇ ಆಗುವುದನ್ನು ನೋಡಿದ್ದೇನೆ, ನೋಡಿ ಸಂಕಟ ಆಗುತ್ತದೆ. ಒಂದು ಗುಂಡಿಯೊಳಗೆ ಬೆಡ್ ಕಾಂಕ್ರೀಟ್ (ಗುಂಡಿಯ ತಳಕ್ಕೆ ಹಾಸುವ ಪದರ), ಫೂಟಿಂಗ್, ಕಾಲಂ ಸೇರಿ ಹಿಡಿಯುವ ಜಾಗ ನಮ್ಮಲ್ಲಿ ಸುಮಾರು 45 ಘನ ಅಡಿ. ಉಳಿದ 200 ಅಲ್ಲಿಗೇ ವಾಪಸ್. ಹೆಚ್ಚುವರಿಯಾಗಿ ಮಿಕ್ಕುವುದು 12 ಗುಂಡಿಯಿಂದ 540 ಘನ ಅಡಿ ಮಾತ್ರ.

ಅದೂ ಹೊರಗೆ ಹೋಗಬೇಕಿಲ್ಲ. ನೆಲದ ಕಾಂಕ್ರೀಟ್, ಟೈಲ್ಸ್ ಅರ್ಧ ಅಡಿ ಕಳೆದರೆ ಪ್ಲಿಂತ್ (ನೆಲಮಟ್ಟದವರೆಗಿನ ಮನೆಯ ಬುಡದ ಕಟ್ಟೆ) ಒಳಗೆ 2 ಅಡಿ ತುಂಬಬೇಕಿತ್ತು. 1000 ಚದರ ಅಡಿಗೆ 2000 ಘನ ಅಡಿ. ನಮ್ಮ ಮಣ್ಣು ಗ್ರಾವೆಲ್ ಮಿಶ್ರಿತ, ತುಂಬಲು ಯೋಗ್ಯ ಅಂತ ಪರೀಕ್ಷೆಯಲ್ಲಿ ಬಂದಿತ್ತು. ಹಾಗಾಗಿ 540 ಅಲ್ಲಿಗೆ ಹೋಯಿತು. ಕೊಳ್ಳಬೇಕಾದದ್ದು 1460. ದಮ್ಮಸ್ಸು ಹೊಡೆದಾಗ ಮಣ್ಣು ಇಳಿಯುವುದರಿಂದ ಕಾಲು ಭಾಗ ಸೇರಿಸಿ ಸುಮಾರು 1825 ಘನ ಅಡಿ ತರಿಸಿದೆ. ಗಾಡಿ ಬಂದಾಗ ಲೋಡ್ ಎಣಿಸುವುದಲ್ಲ, ತೊಟ್ಟಿಯ ಉದ್ದ, ಅಗಲ, ಮಣ್ಣಿನ ಎತ್ತರ ಟೇಪ್ ಹಿಡಿದು ಅಳೆಯಬೇಕು. ಉಬ್ಬುವ ಕಪ್ಪು ಮಣ್ಣಾಗಿದ್ದರೆ ಈ ಲೆಕ್ಕ ನಡೆಯುವುದಿಲ್ಲ, ಅದನ್ನು ಪ್ಲಿಂತ್ ಒಳಗೆ ಹಾಕಲೇಬಾರದು. ಮೇಲ್ಮಣ್ಣನ್ನು ಮಾತ್ರ ಬೇರೆ ಗುಡ್ಡೆ ಮಾಡಿಸಿ ಗಿಡಗಳಿಗೆ ಇಟ್ಟುಕೊಂಡೆ.

ಅಳತೆ ಕೈಗೆ ಬಂದ ಮೇಲೆ ದರಪಟ್ಟಿ. ಎಲ್ಲ ಗುತ್ತಿಗೆದಾರರಿಗೂ ಒಂದೇ ಹಾಳೆ ಕೊಟ್ಟೆ. ಸಾದಾ ಮಣ್ಣು ಅಗೆಯಲು, ಗಟ್ಟಿ ಗ್ರಾವೆಲ್ ಅಗೆಯಲು, ಬ್ರೇಕರ್ ಹಾಕಿ ಬಂಡೆ ಒಡೆಯಲು, ಪಂಪ್ ಹಾಕಿ ನೀರು ತೆಗೆಯಲು ಗಂಟೆಗೆ, ಲೋಡ್ ಹೊರಗೆ ಸಾಗಿಸಲು, ಗುಂಡಿ ಮುಚ್ಚಿ ದಮ್ಮಸ್ಸು ಹೊಡೆಯಲು ಅಂತ ಒಂದೊಂದು ಸಾಲು. ಗುಂಡಿಯಲ್ಲಿ ಬಂಡೆ ಕಾಣದಿದ್ದರೂ ಬಂಡೆಯ ದರ ಬರೆಸಿದೆ. ಒಬ್ಬ ಮೇಸ್ತ್ರಿ, 'ಬಂಡೆ ಬಂದಾಗ ನೋಡೋಣ ಬಿಡಿ ಸಾರ್' ಅಂದರು. 'ಬಂದ ಮೇಲೆ ಇಬ್ಬರಿಗೂ ಕಷ್ಟ, ಈಗಲೇ ಬರೆದುಬಿಡಿ ಮೇಸ್ತ್ರಿ' ಅಂದೆ. ಯಂತ್ರ ಅರ್ಧ ಗುಂಡಿಯಲ್ಲಿ ನಿಂತಿರುವಾಗ ಚೌಕಾಸಿ ಮಾಡುವ ಶಕ್ತಿ ನಮಗಿರುವುದಿಲ್ಲ. ಯಾವುದು ಬಂಡೆ ಅನ್ನುವುದನ್ನೂ ಬರೆದೆವು: ಜೆಸಿಬಿ ಬಕೆಟ್ಟಿಗೆ ಬಗ್ಗದೆ ಬ್ರೇಕರ್ ಬೇಕಾಗುವುದು ಮಾತ್ರ ಬಂಡೆ. ಜೆಸಿಬಿಯ ಗಂಟೆ ಯಾವಾಗಿಂದ ಶುರು, ಕನಿಷ್ಠ ಎಷ್ಟು ಗಂಟೆ, ಬಂದು ಹೋಗುವ ಖರ್ಚು ಯಾರದು ಎಲ್ಲವೂ ಆ ಹಾಳೆಯಲ್ಲೇ ಇತ್ತು.

ಬಜೆಟ್ಟನ್ನು ಮೂರು ಭಾಗ ಮಾಡಿದೆ. ಖಂಡಿತ ಆಗುವ ಖರ್ಚು, ಅಂದರೆ ಅಳತೆ ಗುಣಿಸು ದರ. ಆಗಬಹುದಾದ ಖರ್ಚು, ಅಂದರೆ ಬಂಡೆ, ನೀರು, ಇನ್ನೊಂದು ಅಡಿ ಆಳ. ಮೂರನೆಯದು ಮೀಸಲು. ಗುಂಡಿ ತೋಡಿ ನೋಡಿದ ಮೇಲೆ ನೆಲದ ಕೆಲಸದ ಐದನೇ ಒಂದು ಭಾಗ ಸಾಕು ಅಂತ ನನ್ನ ಅಭಿಪ್ರಾಯ. ನೋಡದೆ ಇಳಿಯುವವರು ಮೂರನೇ ಒಂದು ಭಾಗ ಇಟ್ಟುಕೊಳ್ಳಬೇಕು. ಈ ಮೀಸಲನ್ನು ಇಡೀ ಮನೆಯ ಬಜೆಟ್ಟಿನಲ್ಲಿ ಕಲಸಬೇಡಿ, ಬೇರೆಯೇ ಇಡಿ.

ಕೆಲಸ ನಡೆಯುವಾಗ ಹಣ ಸೋರುವ ಜಾಗಗಳೂ ಇವೆ. ಜೆಸಿಬಿ ಬರುವ ಮೊದಲೇ ಸುಣ್ಣದ ಗೆರೆ ಬಿದ್ದಿರಬೇಕು. ಮೂಲೆ ಮಟ್ಟಕ್ಕೆ 3-4-5 ಅಳತೆ (ಒಂದು ಬದಿ 3, ಇನ್ನೊಂದು 4 ಇದ್ದರೆ ಕರ್ಣ 5 ಬರಬೇಕು), ಆಮೇಲೆ ಎರಡು ಕರ್ಣ ಸಮ ಇದೆಯಾ ಅಂತ ನೋಡುವುದು. ಯಂತ್ರ ಆಳ ಮೀರಿ ಅಗೆದರೆ ಅಲ್ಲಿಗೆ ಸಡಿಲ ಮಣ್ಣು ವಾಪಸ್ ಹಾಕುವಂತಿಲ್ಲ, ಬಡ ಕಾಂಕ್ರೀಟಿನಿಂದಲೇ (ಸಿಮೆಂಟ್ ಕಡಿಮೆ ಇರುವ ಕಾಂಕ್ರೀಟ್) ತುಂಬಬೇಕು. ಅದು ದುಬಾರಿ. ಹಾಗಾಗಿ ಕೊನೆಯ 6 ಇಂಚು ಆಳುಗಳಿಂದಲೇ ತೆಗೆಸಿ, ಆ ದಿನವೇ ಬೆಡ್ ಕಾಂಕ್ರೀಟ್ ಹಾಕಿಸಿದೆ. ತಳ ತೆರೆದು ಬಿಟ್ಟರೆ ಮಳೆ ಬಿದ್ದು ಮೆತ್ತಗಾಗುತ್ತದೆ, ಆಮೇಲೆ ಮತ್ತೆ ಕೆರೆಯಬೇಕು. ಅದಕ್ಕೇ ಎಲ್ಲ ಗುಂಡಿ ಒಟ್ಟಿಗೆ ತೋಡಿಸಲಿಲ್ಲ.

ಜೀವದ ವಿಷಯದಲ್ಲಿ ಉಳಿತಾಯ ಬೇಡ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್‌ಗೂ ಜಾಸ್ತಿ ತೂಗುತ್ತದೆ. 5 ಅಡಿ ಗುಂಡಿಯ ಗೋಡೆ ಕುಸಿದರೆ ಒಳಗಿರುವವರಿಗೆ ಉಸಿರು ಸಿಗುವುದಿಲ್ಲ. ಅಂಚಿನಿಂದ ದೂರ ಮಣ್ಣು ಸುರಿಸುವುದು, ಬದಿಗಳನ್ನು ಇಳಿಜಾರಾಗಿ ಕತ್ತರಿಸುವುದು ಅಥವಾ ಹಲಗೆ ಕೊಡುವುದು, ಏಣಿ ಇಡುವುದು ಇವೆಲ್ಲ ನನ್ನ ಹಾಳೆಯಲ್ಲಿ ಖರ್ಚಿನ ಸಾಲುಗಳೇ ಆಗಿದ್ದವು. ಪಕ್ಕದ ಮನೆಯ ಗೋಡೆಗೆ ಹತ್ತಿರದ ಗುಂಡಿಗಳನ್ನು ಒಂದೊಂದಾಗಿ ತೋಡಿ, ಒಂದು ಮುಚ್ಚಿದ ಮೇಲೆ ಇನ್ನೊಂದಕ್ಕೆ ಹೋದೆವು. ಶುರುವಿಗೆ ಮೊದಲು ಆ ಮನೆಯವರನ್ನೇ ಜೊತೆಗೆ ನಿಲ್ಲಿಸಿಕೊಂಡು ಗೋಡೆಯ ಫೋಟೋ ತೆಗೆದೆ.

ಮಣ್ಣು ತುಂಬುವಾಗ 6 ಇಂಚಿಗೊಂದು ಪದರ, ಪದರಕ್ಕೊಮ್ಮೆ ದಮ್ಮಸ್ಸು. ನೀರು ಬಿಟ್ಟು ತಾನಾಗಿ ಕೂರಲಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮಣ್ಣಿಗೆ ಒಂದು ಹದದ ತೇವ ಇದ್ದಾಗ ಮಾತ್ರ ಅತಿ ಹೆಚ್ಚು ಗಟ್ಟಿಯಾಗುತ್ತದೆ ಅಂತ 1933ರಲ್ಲೇ ಅಮೆರಿಕದ ಇಂಜಿನಿಯರ್ ಪ್ರಾಕ್ಟರ್ ತೋರಿಸಿದ್ದಾರೆ. ಜಾಸ್ತಿ ನೀರಾದರೆ ಕೆಸರು, ಕಡಿಮೆಯಾದರೆ ಪುಡಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಕೈಗೆ ನೀರು ಅಂಟಬಾರದು. ಈ ಕೆಲಸಕ್ಕೆ ಆಳು ಮತ್ತು ಸಮಯ ಎರಡೂ ಬೇಕು, ಹಾಗಾಗಿ ಇದರ ದರದಲ್ಲಿ ನಾನು ಚೌಕಾಸಿ ಮಾಡಲಿಲ್ಲ.

ಪ್ರತಿ ಗುಂಡಿಯ ಅಳತೆಯನ್ನು ಮುಚ್ಚುವ ಮೊದಲೇ ಮೇಸ್ತ್ರಿ ಮತ್ತು ನಾನು ಸೇರಿ ಬರೆದು, ಇಬ್ಬರೂ ಸಹಿ ಹಾಕಿದೆವು. ಬಿಲ್ಲು ಆ ಪುಸ್ತಕ ನೋಡಿಯೇ ಆಯಿತು, ವಾದವೇ ಬರಲಿಲ್ಲ. ಮೀಸಲಿನ ಹಣವನ್ನು ಪ್ಲಿಂತ್ ತುಂಬಿ ಮುಗಿಯುವವರೆಗೆ ಬೇರೆ ಯಾವುದಕ್ಕೂ ಮುಟ್ಟಲಿಲ್ಲ. ಒಂದು ಮೂಲೆಯಲ್ಲಿ ನೀರು ಜಿನುಗಿ ಪಂಪಿಗೆ ಸ್ವಲ್ಪ ಹೋಯಿತು. ಉಳಿದದ್ದರಲ್ಲಿ ಮನೆಯ ಸುತ್ತ 10 ಅಡಿಗೆ 6 ಇಂಚಿನ ಇಳಿಜಾರು ಬರುವಂತೆ ನೆಲ ಸರಿ ಮಾಡಿಸಿ, ಮಳೆನೀರು ಪಾಯದ ಕಡೆ ನಿಲ್ಲದೆ ಹೊರಗೆ ಹರಿಯುವ ಹಾಗೆ ಚರಂಡಿ ಕಟ್ಟಿಸಿದೆ.