ಬ್ರಾಡ್‌ಬ್ಯಾಂಡ್ ಕಂಪನಿ ಕೈಬದಲಾದಾಗ: ಇರಬೇಕೋ, ಬಿಡಬೇಕೋ?

ಕೇಬಲ್ ಟಿವಿ, ಬ್ರಾಡ್‌ಬ್ಯಾಂಡ್ ಕೊಡುವ ಹ್ಯಾಥ್‌ವೇ ಮತ್ತು ಡೆನ್ ಕಂಪನಿಗಳ ಬಹುಪಾಲು ಷೇರು ಕೊಳ್ಳುವುದಾಗಿ ರಿಲಯನ್ಸ್ 2018ರಲ್ಲಿ ಪ್ರಕಟಿಸಿತು. ಇಂಥ ಸುದ್ದಿ ಬಂದ ಕೂಡಲೇ ಕನೆಕ್ಷನ್ ಬಿಡಬೇಡಿ. ಮಾಲೀಕರು ಬದಲಾದರೂ ಮನೆಗೆ ಬರುವ ಕೇಬಲ್ಲು, ಅದನ್ನು ನೋಡಿಕೊಳ್ಳುವ ಹುಡುಗರು ಎಷ್ಟೋ ಸಲ ಅವರೇ ಇರುತ್ತಾರೆ.

ಮೊದಲು ವೇಗ ಅಳೆಯಿರಿ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ರೂಟರಿಗೆ ಜೋಡಿಸಿ, ಒಂದು ವಾರ ರಾತ್ರಿ 8ರಿಂದ 11ರ ನಡುವೆ ಸ್ಪೀಡ್ ಟೆಸ್ಟ್ ಮಾಡಿ ಬರೆದಿಡಿ. ವೈ-ಫೈನಲ್ಲಿ ಅಳೆದರೆ ಗೋಡೆಯ ತಪ್ಪೂ ಕಂಪನಿಯ ತಲೆಗೇ ಬರುತ್ತದೆ. ಪ್ಲಾನ್ 300 ಎಂಬಿಪಿಎಸ್ ಇದ್ದೂ ವೇಗ 95ರ ಆಸುಪಾಸಿನಲ್ಲೇ ನಿಂತರೆ ರೂಟರಿನ ಅಥವಾ ಲ್ಯಾಪ್‌ಟಾಪಿನ ಪೋರ್ಟ್ 100 ಎಂಬಿಪಿಎಸ್‌ನದ್ದಿರಬಹುದು, ಇಲ್ಲವೇ ಕೇಬಲ್ಲಿನೊಳಗೆ ತಂತಿ ತುಂಡಾಗಿರಬಹುದು. ಕಂಪನಿ ಬದಲಿಸಿದರೂ ಅದು ಸರಿಹೋಗದು.

ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬಂದ ಸಂಪರ್ಕವನ್ನು ಮನೆಯೊಳಗಿನ ಉಪಕರಣಕ್ಕೆ ದಾಟಿಸುವ ರೂಟರ್ ಸೆಟ್ಟಿಂಗ್) ಮಾಡಿ ಹೊರಗಿನಿಂದ ಮನೆಯ ಸಿಸಿಟಿವಿ ನೋಡುವವರು ರೂಟರಿನ ವ್ಯಾನ್ ಐಪಿ, ಅಂದರೆ ಕಂಪನಿ ರೂಟರಿಗೆ ಕೊಟ್ಟ ವಿಳಾಸ, ಗಮನಿಸಿ. ಅದು 100.64ರಿಂದ 100.127ರೊಳಗೆ ಶುರುವಾದರೆ ಒಂದೇ ಪಬ್ಲಿಕ್ ಐಪಿಯನ್ನು (ಇಂಟರ್ನೆಟ್ಟಿಗೆ ಕಾಣುವ ವಿಳಾಸವನ್ನು) ಹಲವು ಮನೆಗಳಿಗೆ ಹಂಚಿದ್ದಾರೆ ಎಂದರ್ಥ; ಫಾರ್ವರ್ಡಿಂಗ್ ನಡೆಯದು. ಸ್ಟ್ಯಾಟಿಕ್ ಐಪಿ (ನಿಮಗೇ ಮೀಸಲಾದ, ಬದಲಾಗದ ವಿಳಾಸ) ಸಿಗುತ್ತದೆಯೇ, ಎಷ್ಟಕ್ಕೆ ಎಂದು ಈಗಿನ ಕಂಪನಿ, ಹೊಸ ಕಂಪನಿ ಎರಡೂ ಕಡೆ ಕೇಳಿ.

ಜಾಹೀರಾತಿನ ದರಕ್ಕೆ 18% ಜಿಎಸ್‌ಟಿ ಸೇರಿಸಿಯೇ ಹೋಲಿಸಿ. ವಾರ್ಷಿಕ ಪ್ಲಾನ್ ಉಳಿದಿದ್ದರೆ ಅದು ಮುಗಿಯುವ ಹೊತ್ತಿಗೆ ಬದಲಿಸುವುದೇ ಲೇಸು. ಹೊಸ ಕಂಪನಿಯ ಬಗ್ಗೆ ಜಾಹೀರಾತಿಗಿಂತ ನಿಮ್ಮದೇ ಕಟ್ಟಡದ ಪಕ್ಕದ ಮನೆಯವರ ಮಾತು ನಂಬಿ.

ಹೊಸ ಲೈನ್ ಒಂದು ವಾರ ಸರಿಯಾಗಿ ನಡೆದ ಮೇಲೆಯೇ ಹಳೆಯದನ್ನು ನಿಲ್ಲಿಸಿ. ಕಂಪನಿ ಕೊಟ್ಟ ಓಎನ್‌ಟಿ (ಫೈಬರ್ ಲೈನ್ ಬಂದು ಸೇರುವ ಪೆಟ್ಟಿಗೆ), ಅಡಾಪ್ಟರ್ ವಾಪಸ್ ಕೊಡುವಾಗ ಸೀರಿಯಲ್ ನಂಬರಿನ ಫೋಟೊ ತೆಗೆದು, ರಸೀದಿ ಪಡೆಯಿರಿ; ಡಿಪಾಸಿಟ್ ಕೇಳಲು ಅದೇ ಆಧಾರ.