ವಾಪಸ್ ಬರುವಷ್ಟು ಪೆಟ್ರೋಲ್ ಇದೆಯೇ? ತೈಲ ಅಭಾವದ ದಿನಗಳಲ್ಲಿ ಪ್ರಯಾಣದ ಲೆಕ್ಕ ಹಾಕುವುದು ಹೀಗೆ

ಸಾಮಾನ್ಯ ದಿನಗಳಲ್ಲಿ ಜಗತ್ತು ಬಳಸುವ ತೈಲದ ಸುಮಾರು ಐದನೇ ಒಂದು ಭಾಗ ಇರಾನ್ ಮತ್ತು ಒಮಾನ್ ನಡುವಿನ ಹಾರ್ಮುಜ್ ಜಲಸಂಧಿ ದಾಟಿ ಬರುತ್ತದೆ. ಅತಿ ಕಿರಿದಾದ ಕಡೆ ಅದರ ಅಗಲ ಸುಮಾರು 33 ಕಿ.ಮೀ. ಅಲ್ಲಿ ಗುಂಡಿನ ಸದ್ದು ಕೇಳಿದರೆ ಮೊದಲು ಏರುವುದು ಹಡಗುಗಳ ವಿಮೆ, ಆಮೇಲೆ ಸಾಗಣೆ ವೆಚ್ಚ, ಕೊನೆಗೆ ಬಂಕಿನ ದರ. ದರ ಏರುವುದು ಒಂದು ಸಂಗತಿ, ಬಂಕ್ ಬರಿದಾಗುವುದು ಇನ್ನೊಂದು. ಎರಡನೆಯದಕ್ಕೆ ಎಷ್ಟೋ ಸಲ ನಾವೇ ಕಾರಣ. 40 ಲೀಟರ್ ಟ್ಯಾಂಕಿನ ಹತ್ತು ಲಕ್ಷ ಕಾರುಗಳಿವೆ ಎನ್ನಿ. ಸುದ್ದಿ ಕೇಳಿ ಪ್ರತಿಯೊಬ್ಬರೂ ಮಾಮೂಲಿಗಿಂತ ಹತ್ತು ಲೀಟರ್ ಹೆಚ್ಚು ತುಂಬಿಸಿಕೊಂಡರೆ ಒಂದು ಕೋಟಿ ಲೀಟರ್ ಆಯಿತು. 20,000 ಲೀಟರಿನ ಟ್ಯಾಂಕರ್ ಲಾರಿಗಳಾದರೆ 500 ಬೇಕು, ಅದೂ ಒಂದೆರಡು ದಿನದೊಳಗೆ. ಹಡಗು ಸರಿಯಾದ ಹೊತ್ತಿಗೆ ಬಂದರೂ ಇಷ್ಟು ಲಾರಿ ಎಲ್ಲಿಂದ ಬರಬೇಕು?

ಹಾಗಾಗಿ ಟ್ಯಾಂಕ್ ಅರ್ಧಕ್ಕೆ ಇಳಿದಾಗ ತುಂಬಿಸುವ ರೂಢಿಯನ್ನು ಗಲಾಟೆ ಶುರುವಾಗುವ ಮೊದಲೇ ಮಾಡಿಕೊಳ್ಳಿ. ಶುರುವಾದ ಮೇಲೆ ಸಾಲಿನಲ್ಲಿ ಎಂಜಿನ್ ಆನ್ ಇಟ್ಟು ಕಾಯುವುದರಲ್ಲಿ ಅರ್ಥವಿಲ್ಲ.

ಮೊದಲು ಮೈಲೇಜ್ ಅಳೆಯಿರಿ

ಡ್ಯಾಶ್‌ಬೋರ್ಡ್ ತೋರಿಸುವ ಅಂಕಿ ಅಂದಾಜಿನದು. ಪೆಟ್ರೋಲ್ ಹಾಕಿಸುವಾಗ ನಾಜಲ್ ಮೊದಲ ಸಲ ‘ಟಕ್’ ಎಂದು ನಿಂತೊಡನೆ ಸಾಕು ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಮುನ್ನೂರು ನಾನೂರು ಕಿ.ಮೀ. ಓಡಿಸಿದ ಮೇಲೆ ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ಮೊದಲ ‘ಟಕ್’ವರೆಗೆ ತುಂಬಿಸಿ. 420 ಕಿ.ಮೀ. ಓಡಿ 28 ಲೀಟರ್ ಹಿಡಿಸಿದರೆ ಮೈಲೇಜ್ 15. ಚಿಲ್ಲರೆ ಬೇಡವೆಂದು ‘ಟಕ್’ ಆದ ಮೇಲೂ ಹಿಂಡಿಸಿದರೆ ಲೆಕ್ಕ ಕೆಡುತ್ತದೆ. ಜತೆಗೆ ಆವಿ ಹಿಡಿಯುವ ಡಬ್ಬಿಗೆ ಪೆಟ್ರೋಲ್ ನುಗ್ಗಿ ಅದೂ ಹಾಳಾಗಬಹುದು.

ತಿರುಗಿ ಬರುವ ಗೆರೆ

ಅಭಾವದ ದಿನಗಳಲ್ಲಿ ದೂರವನ್ನು ಹೋಗಿಬರುವ ಲೆಕ್ಕದಲ್ಲೇ ಹಿಡಿಯಬೇಕು. 40 ಲೀಟರಿನಲ್ಲಿ 8 ಲೀಟರ್ ಮುಟ್ಟಬೇಡಿ. ಬಳಸುದಾರಿ, ಟ್ರಾಫಿಕ್ ಎಲ್ಲಕ್ಕೂ ಅದೇ ಆಸರೆ. ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಫ್ಯೂಯೆಲ್ ಪಂಪ್ ಟ್ಯಾಂಕಿನೊಳಗೇ ಇದ್ದು ಪೆಟ್ರೋಲಿನಿಂದಲೇ ತಣ್ಣಗಾಗುತ್ತದೆ, ತಳ ಕಾಣುವವರೆಗೆ ಓಡಿಸಿದರೆ ಅದು ಬಿಸಿಯಾಗಿ ಬೇಗ ಸೋಲುತ್ತದೆ. ಉಳಿದದ್ದು 32 ಲೀಟರ್. ಜನ, ಲಗೇಜು, ಎಸಿ ಸೇರಿದರೆ ಮೈಲೇಜ್ 15ರ ಬದಲು 13 ಎಂದಿಟ್ಟುಕೊಳ್ಳಿ. 32×13 = 416 ಕಿ.ಮೀ., ಅದರ ಅರ್ಧ 208. ಅದಕ್ಕಿಂತ ದೂರದ ಊರಾದರೆ, ಅಲ್ಲಿ ತೈಲ ಸಿಗುತ್ತದೆ ಎಂದು ಹೊರಡುವ ದಿನ ಬೆಳಿಗ್ಗೆ ಖಚಿತವಾಗುವವರೆಗೆ ಗಾಡಿ ತೆಗೆಯದಿರುವುದೇ ಲೇಸು.

ಈ ಗೆರೆಯನ್ನು ಸ್ವಲ್ಪ ಹಿಗ್ಗಿಸಬಹುದು. ಗಂಟೆಗೆ 80 ಕಿ.ಮೀ. ಮೀರಿದ ಮೇಲೆ ಗಾಳಿಯ ತಡೆ ಜೋರಾಗಿ ತೈಲ ತಿನ್ನುತ್ತದೆ. ಚಾವಣಿಯ ಮೇಲಿನ ಪೆಟ್ಟಿಗೆಯೂ ಅಷ್ಟೇ, ಖಾಲಿಯಿದ್ದರೂ ಬಿಚ್ಚಿಡಿ. ಟೈರಿನ ಗಾಳಿಯನ್ನು ಗಾಡಿ ಓಡಿಸುವ ಮುನ್ನ, ಟೈರ್ ತಣ್ಣಗಿರುವಾಗ ನೋಡಿ. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಉಳಿತಾಯ ಎಂಬ ನಂಬಿಕೆ ಕಾರ್ಬ್ಯುರೇಟರ್ ಕಾಲದ್ದು. ಈಗಿನ ಫ್ಯೂಯೆಲ್ ಇಂಜೆಕ್ಷನ್ ಗಾಡಿಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲಿನಲ್ಲಾದರೆ ಎಂಜಿನ್ ಆರದಿರಲೆಂದು ಅದು ಹೋಗುತ್ತಲೇ ಇರುತ್ತದೆ, ಬ್ರೇಕಿನ ಮೇಲಿನ ಭಾರವೂ ಹೆಚ್ಚುತ್ತದೆ.

ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತಂದಿಡುವುದು ಮಾತ್ರ ಬೇಡವೇ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ತೆವಳಿಕೊಂಡು ಪಕ್ಕದ ಕೋಣೆಯ ಉರಿಯವರೆಗೂ ಹೋಗಬಲ್ಲದು. ಕಾನೂನು ಒಪ್ಪುವ ಕಡೆ, ಅದಕ್ಕೆಂದೇ ಮಾಡಿದ ಕ್ಯಾನ್ ಬಳಸುವುದಾದರೂ ತುಂಬಿಸುವಾಗ ಅದನ್ನು ಗಾಡಿಯಿಂದ ಇಳಿಸಿ ನೆಲದ ಮೇಲಿಡಿ, ಇಲ್ಲದಿದ್ದರೆ ಸ್ಥಿರ ವಿದ್ಯುತ್ತಿನ ಕಿಡಿ ಹಾರಬಹುದು. ಮೇಲ್ಗಡೆ ಸ್ವಲ್ಪ ಜಾಗ ಖಾಲಿ ಬಿಡಿ.

ವಿಮಾನದ ಟಿಕೆಟ್

2022ರಲ್ಲಿ ಉಕ್ರೇನ್ ಯುದ್ಧದಿಂದಾಗಿ ರಷ್ಯಾದ ವಾಯುಪ್ರದೇಶ ಮುಚ್ಚಿದಾಗ ಫಿನ್‌ಲೆಂಡಿನ ಹೆಲ್ಸಿಂಕಿಯಿಂದ ಟೋಕಿಯೊಗೆ ಸುಮಾರು ಒಂಬತ್ತು ಗಂಟೆಯ ಹಾರಾಟ ಹದಿಮೂರಕ್ಕೆ ಏರಿತು. ಬಳಸುದಾರಿಯೆಂದರೆ ಹೆಚ್ಚು ಇಂಧನ, ಜತೆಗೆ ತಪ್ಪಿಹೋಗುವ ಮುಂದಿನ ವಿಮಾನ. ಆದ್ದರಿಂದ ಎರಡು ಹಾರಾಟಗಳಿದ್ದರೆ ಒಂದೇ ಟಿಕೆಟಿನಲ್ಲಿ ಕಾಯ್ದಿರಿಸಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವ್ಯವಸ್ಥೆ ವಿಮಾನ ಕಂಪನಿಯ ತಲೆನೋವು. ಬೇರೆ ಬೇರೆ ಟಿಕೆಟ್ ಆದರೆ ನಿಮ್ಮದು.

ಗಾಬರಿಯಲ್ಲಿ ಜನ ಮಾಡುವ ದೊಡ್ಡ ತಪ್ಪೆಂದರೆ ತಾವೇ ಮುಂಚಿತವಾಗಿ ಟಿಕೆಟ್ ರದ್ದು ಮಾಡುವುದು. ಆಗ ಕಡಿತ ನಿಮ್ಮ ತಲೆಗೆ. ಕಂಪನಿಯೇ ಹಾರಾಟ ರದ್ದು ಮಾಡಿದರೆ ಹೆಚ್ಚಿನ ದೇಶಗಳ ನಿಯಮದಲ್ಲಿ ಹಣ ವಾಪಸ್ ಕೇಳುವ ಹಕ್ಕು ಬರುತ್ತದೆ. ವೋಚರ್ ಕೊಡಲು ಬಂದರೆ ಒಪ್ಪುವ ಮೊದಲು ಅದರ ಅವಧಿ ನೋಡಿ. ವಿಮೆಯನ್ನು ಟಿಕೆಟ್ ತೆಗೆದ ದಿನವೇ ಮಾಡಿಸಿ. ಸಂಘರ್ಷ ಸುದ್ದಿಯಾದ ಮೇಲೆ ಕೊಂಡ ಪಾಲಿಸಿ ಅದನ್ನು ‘ಮೊದಲೇ ತಿಳಿದ ಘಟನೆ’ ಎಂದು ಹೊರಗಿಡುತ್ತದೆ. ಎಷ್ಟೋ ಪಾಲಿಸಿಗಳು ಯುದ್ಧವನ್ನು ಪೂರ್ತಿಯಾಗಿ ಬಿಟ್ಟಿರುತ್ತವೆ, ಆ ಪುಟವನ್ನೇ ಮೊದಲು ಓದಿ.

ಮನೆಯಲ್ಲಿ

ಅಡುಗೆ ಅನಿಲ ಎಷ್ಟು ದಿನ ಬರುತ್ತದೆಂದು ಸಿಲಿಂಡರ್ ಅಲುಗಾಡಿಸಿ ತಿಳಿಯುವುದಿಲ್ಲ. ಅದರ ಮೈಮೇಲೆ ಖಾಲಿ ತೂಕ ಅಚ್ಚಾಗಿರುತ್ತದೆ. ರೆಗ್ಯುಲೇಟರ್ ಬಿಚ್ಚಿ, ತಕ್ಕಡಿಯ ಮೇಲೆ ನೆಟ್ಟಗೆ ನಿಲ್ಲಿಸಿ, ಬಂದ ತೂಕದಿಂದ ಅದನ್ನು ಕಳೆಯಿರಿ. ವಾರದ ಬಳಿಕ ಮತ್ತೆ ತೂಗಿದರೆ ದಿನಕ್ಕೆ ಎಷ್ಟು ಗ್ರಾಂ ಖರ್ಚು ಎಂಬುದೂ ಸಿಕ್ಕಿತು, ಮುಂದಿನ ಸಿಲಿಂಡರ್ ಯಾವಾಗ ಬುಕ್ ಮಾಡಬೇಕೆಂಬುದೂ ಗೊತ್ತಾಯಿತು.